ರಾತ್ರಿ ಅಟ್ಟದಿಂದ ಗಂಧಸಾಲೆ ಅನ್ನದ ಪರಿಮಳ: ಇದು ಯಾವ ಪ್ರಾಣಿ?

ಹಂಚಿನಮಾಡು, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಕುಲಶೇಖರದ ಕಡೆ ಹಳೆಯ ಹಂಚಿನ ಮನೆ. ಮಳೆ ಬಿಟ್ಟ ಮೇಲೆ ಒಂದು ವಿಚಿತ್ರ ಶುರುವಾಗಿದೆ. ರಾತ್ರಿ ಹತ್ತು ಗಂಟೆ ದಾಟಿದರೆ ಸಾಕು, ಅಟ್ಟದ ಕಡೆಯಿಂದ ಗಂಧಸಾಲೆ ಅಕ್ಕಿ ಬೇಯುವ ಪರಿಮಳ ಬರುತ್ತದೆ. ನಮ್ಮ ಗ್ಯಾಸ್ ಆರಿಸಿ ಆಗಿರುತ್ತದೆ. ಪಕ್ಕದ ಮನೆಯವರು ಮಲಗಿರುತ್ತಾರೆ. ನಾವು ಉಣ್ಣುವುದು ಕುಚ್ಚಲಕ್ಕಿ, ಮನೆಯಲ್ಲಿ ಪರಿಮಳದ ಅಕ್ಕಿ ಒಂದು ಕಾಳೂ ಇಲ್ಲ.

ಪಕ್ಕದ ಮನೆಯ ಅಜ್ಜಿ "ಅದು ಕೇದಗೆ ಪರಿಮಳ, ಅಲ್ಲಿ ಹಾವು ಉಂಟು" ಅಂತ ಹೆದರಿಸಿದ್ದಾರೆ. ಅಮ್ಮ ಆಗಿನಿಂದ ಅಟ್ಟ ಹತ್ತಲು ಬಿಡುತ್ತಿಲ್ಲ. ಕದ್ದು ಹತ್ತಿ ಟಾರ್ಚ್ ಹಾಕಿ ನೋಡಿದೆ. ಹಾವು ಕಾಣಲಿಲ್ಲ. ತೊಲೆಯ ಮೇಲೆ ಎಣ್ಣೆ ಜಿಡ್ಡಿನ ಕಲೆ ಇತ್ತು, ಮೂಲೆಯಲ್ಲಿ ಬೈನೆ ಹಣ್ಣಿನ ಬೀಜ ತುಂಬಿದ ಹಿಕ್ಕೆ. ಮೂಗು ಹತ್ತಿರ ತಂದರೆ ಪರಿಮಳ ಬಂದದ್ದು ಆ ಜಿಡ್ಡಿನಿಂದ.

ಇದು ಎಂತ ಪ್ರಾಣಿ? ಮೂತ್ರವಾ? ಮೂತ್ರ ಆದರೆ ಪರಿಮಳ ಹೇಗೆ?

ಬಿದಿರುಮೆಳೆ, ವಾಮಂಜೂರು

ಕಬ್ಬೆಕ್ಕು. ಹಿಕ್ಕೆಯಲ್ಲಿ ಬೈನೆ ಬೀಜ ಅಂದ ಕೂಡಲೇ ನನಗೆ ಅನುಮಾನ ಉಳಿಯಲಿಲ್ಲ. ಕೆಲವರು ಮರಬೆಕ್ಕು ಅನ್ನುತ್ತಾರೆ. ಕಳ್ಳು ಇಳಿಸುವವರಿಗೆ ಇದರ ಪರಿಚಯ ಚೆನ್ನಾಗಿರುತ್ತದೆ, ಮಡಕೆಗೆ ಬಾಯಿ ಹಾಕುವ ಕಳ್ಳ ಇದೇ. ಹಗಲು ಅಟ್ಟದಲ್ಲಿ ನಿದ್ದೆ, ರಾತ್ರಿ ಹಣ್ಣು, ಇಲಿ, ಹುಳ ಹುಡುಕುವುದು.

ಜಿಡ್ಡು ಬಾಲದ ಬುಡದ ಗ್ರಂಥಿಯದ್ದು. ಹಿಂಭಾಗವನ್ನು ತೊಲೆಗೆ, ಕೊಂಬೆಗೆ ಉಜ್ಜಿಕೊಂಡು ಹೋಗುತ್ತದೆ. ಗಂಡಿಗೂ ಹೆಣ್ಣಿಗೂ ಆ ಗ್ರಂಥಿ ಇದೆ, ನೋಡಲು ವೃಷಣದ ಹಾಗೇ ಕಾಣುತ್ತದೆ. ಹಳೆಯ ಕಾಲದ ಪ್ರಾಣಿಶಾಸ್ತ್ರಜ್ಞರು ಅದನ್ನು ನೋಡಿ ಇದರ ವೈಜ್ಞಾನಿಕ ಹೆಸರಿನಲ್ಲಿ 'ಹರ್ಮಾಫ್ರೊಡಿಟಸ್' ಅಂತ ಸೇರಿಸಿಬಿಟ್ಟರು, ಪಾಪ.

ಇನ್ನು ಪರಿಮಳ. ಬಾಸ್ಮತಿಯಂಥ ಪರಿಮಳದ ಅಕ್ಕಿಗಳಿಗೆ ಆ ಘಮ ಕೊಡುವ ಮುಖ್ಯ ವಸ್ತುವಿನ ಹೆಸರು 2-ಅಸಿಟೈಲ್-1-ಪೈರೋಲೀನ್. ನಮ್ಮಲ್ಲಿ ಕೆಲವರು ಬಿರಿಯಾನಿಗೆ ಹಾಕುವ ಉದ್ದನೆಯ ಎಲೆ ಇದೆಯಲ್ಲ, ಕೇದಗೆಯ ಜಾತಿಯದ್ದು, ಅದರಲ್ಲೂ ಇದೇ. ಬಿಸಿ ಪಾಪ್‌ಕಾರ್ನ್‌ನಲ್ಲೂ ಇದೇ. ಕಬ್ಬೆಕ್ಕಿನ ಹತ್ತಿರದ ಸಂಬಂಧಿ ಬಿಂಟುರಾಂಗ್ ಅಂತ ಒಂದು ಪ್ರಾಣಿ ಇದೆ, ನಮ್ಮ ದೇಶದಲ್ಲಿ ಈಶಾನ್ಯ ರಾಜ್ಯಗಳ ಕಾಡಿನಲ್ಲಿ ಸಿಗುತ್ತದೆ. ಅದರ ಮೈಯೆಲ್ಲ ಪಾಪ್‌ಕಾರ್ನ್ ವಾಸನೆ. 2016ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಅದರ ಮೂತ್ರ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಈ ವಸ್ತುವೇ. ಬಿಂಟುರಾಂಗ್ ಕೂತು ಮೂತ್ರ ಮಾಡುವಾಗ ಕಾಲು, ಬಾಲ ಎಲ್ಲ ನೆನೆಸಿಕೊಳ್ಳುತ್ತದೆ. ಆಮೇಲೆ ಮರದಿಂದ ಮರಕ್ಕೆ ಹೋದ ಕಡೆಯೆಲ್ಲ ಬಾಲ ಎಳೆದು ವಾಸನೆ ಬಿಡುತ್ತದೆ. ಗಂಡೋ ಹೆಣ್ಣೋ, ಯಾರು ಬಂದು ಹೋದರು ಅಂತ ಹಿಂದೆ ಬಂದವರಿಗೆ ಗೊತ್ತಾಗುತ್ತದೆ.

ಪಾಪ್‌ಕಾರ್ನ್‌ನಲ್ಲಿ ಈ ವಸ್ತು ಹುಟ್ಟುವುದು ಬಿಸಿಗೆ. ಪ್ರಾಣಿಯ ಮೈಯಲ್ಲಿ ಅಷ್ಟು ಬಿಸಿ ಎಲ್ಲಿದೆ? ಮೂತ್ರ ಚರ್ಮಕ್ಕೆ ತಾಗಿದಾಗ ಅಲ್ಲಿನ ಬ್ಯಾಕ್ಟೀರಿಯಾ ಇದನ್ನು ಮಾಡುತ್ತಿರಬೇಕು ಅಂತ ಆ ಸಂಶೋಧಕರ ಊಹೆ.

ಡೆಂಜಿಸುಕ್ಕ, ಕುಂದಾಪುರ

ಇನ್ನು ನಾನು ಬಿರಿಯಾನಿ ತಿಂದ ಹಾಗೆ ಮಾರಾಯ್ರೇ 😄

ಸುಮ್ನೆಕೇಳ್ದೆ, ಮಣಿಪಾಲ

ಒಂದು ಅನುಮಾನ. ಪ್ರಾಣಿಗಳು ಮೂತ್ರ ಹಾಕಿ ಗುರುತು ಮಾಡುವುದು ಗಡಿಗೆ ಅಲ್ವಾ? "ಇದು ನನ್ನ ಜಾಗ, ಬರಬೇಡ" ಅಂತ. ಅದನ್ನೇ ಸಂಗಾತಿಯನ್ನು ಕರೆಯಲಿಕ್ಕೂ ಬಳಸುತ್ತವೆ ಅಂದರೆ ಒಂದೇ ಬೋರ್ಡಿನಲ್ಲಿ 'ಒಳಗೆ ಬಾ', 'ಒಳಗೆ ಬರಬೇಡ' ಎರಡೂ ಬರೆದ ಹಾಗಾಯಿತಲ್ಲ.

ಬಿದಿರುಮೆಳೆ, ವಾಮಂಜೂರು

ಹೌದು, ಎರಡೂ ಬರೆದಿರುತ್ತದೆ. ಓದುವವರು ಯಾರು ಅನ್ನುವುದರ ಮೇಲೆ ಅರ್ಥ.

ಹುಲಿ ತಗೊಳ್ಳಿ. ಪಿಲಿಕುಳದ ಮೃಗಾಲಯದಲ್ಲಿ ನೋಡಿರಬಹುದು, ಬಾಲ ಎತ್ತಿ ಹಿಂದಕ್ಕೆ, ಮೇಲಕ್ಕೆ ಪಿಚಕಾರಿ ಹೊಡೆದ ಹಾಗೆ ಬಿಡುತ್ತದೆ. ಮಾಮೂಲಿ ಮೂತ್ರ ಮಾಡುವಾಗ ಹಾಗೆ ಮಾಡುವುದಿಲ್ಲ, ಕುಕ್ಕರಗಾಲಲ್ಲಿ ಕೂರುತ್ತದೆ. ಗುರುತಿಗೆ ಬಿಡುವ ದ್ರವದಲ್ಲಿ ಮೂತ್ರದ ಜೊತೆ ಕೊಬ್ಬಿನ ಅಂಶ ಸೇರಿರುತ್ತದೆ. ಆ ಕೊಬ್ಬು ವಾಸನೆಯನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ, ಹಾಗಾಗಿ ಬೇಗ ಆರುವುದಿಲ್ಲ. ಕೋಲ್ಕತ್ತಾದ ವಿಜ್ಞಾನಿ ಆರ್. ಎಲ್. ಬ್ರಹ್ಮಚಾರಿ ವರ್ಷಗಟ್ಟಲೆ ಕೂತು ಇದನ್ನೇ ಅಧ್ಯಯನ ಮಾಡಿದವರು. ಪರಿಮಳದ ಅಕ್ಕಿಯ ಅದೇ ವಸ್ತು ಹುಲಿಯ ಗುರುತಿನಲ್ಲೂ ಇದೆ ಅಂತ 1990ರಲ್ಲಿ ಅವರ ತಂಡ ನೇಚರ್ ಪತ್ರಿಕೆಯಲ್ಲಿ ಬರೆಯಿತು. ಚಿರತೆಯ ವಾಸನೆಯನ್ನೂ ಕಾಡಿನಲ್ಲಿ ಓಡಾಡುವವರು ಹೀಗೇ ಗುರುತು ಹಿಡಿಯುತ್ತಾರೆ. ಪಿಲಿಕುಳದಲ್ಲಿ ಗಾಳಿ ನಮ್ಮ ಕಡೆ ಬೀಸಿದಾಗ ನನ್ನ ಮೂಗಿಗೆ ಮೊದಲು ಹೊಡೆದದ್ದು ಅಮೋನಿಯಾ. ಅದರ ಹಿಂದೆ ಸಣ್ಣಗೆ ಬೆಂದ ಅಕ್ಕಿ.

ನಿಮ್ಮ ಪ್ರಶ್ನೆಗೆ ಉತ್ತರ ನೇಪಾಳದ ಚಿತ್ವನ್‌ನಲ್ಲಿದೆ. ಅಲ್ಲಿ ಹುಲಿಗಳ ಹಿಂದೆ ಬಿದ್ದು ಅಧ್ಯಯನ ಮಾಡಿದವರು 1989ರಲ್ಲಿ ಪ್ರಕಟಿಸಿದ ಪ್ರಕಾರ, ಹೆಣ್ಣು ಹುಲಿ ಬೆದೆಗೆ ಬರುವ ಸ್ವಲ್ಪ ಮುಂಚೆ ಗುರುತು ಹಾಕುವುದು ಜೋರಾಗುತ್ತದೆ. ಬೆದೆ ಬಂದ ಮೇಲೆ ಕಡಿಮೆ. ಅಂದರೆ ಗಂಡಿಗೆ ಮುಂಚೆಯೇ ಸುದ್ದಿ ಹೋಗಬೇಕು, ಅದು ಎಲ್ಲಿಂದಲೋ ನಡೆದು ಬರಬೇಕಲ್ಲ. ಅದೇ ಗುರುತನ್ನು ಪಕ್ಕದ ಹೆಣ್ಣು ಮೂಸಿದರೆ ಈ ಜಾಗಕ್ಕೆ ಮಾಲೀಕಳಿದ್ದಾಳೆ ಅಂತ ತಿಳಿದು ಹಿಂದೆ ಹೋಗುತ್ತದೆ.

ಹಟ್ಟಿಡಾಕ್ಟ್ರು, ಬ್ರಹ್ಮಾವರ

ನಾನು ದನದ ಡಾಕ್ಟರು. ಈ ವಿಷಯ ನೋಡಿ ಸುಮ್ಮನಿರಲು ಆಗಲಿಲ್ಲ, ಸ್ವಲ್ಪ ಉದ್ದ ಆದೀತು.

ಹೋರಿ ದನದ ಮೂತ್ರ ಮೂಸಿ ಮುಖ ಮೇಲೆತ್ತಿ, ಮೇಲ್ತುಟಿ ಮಡಚಿ ನಿಲ್ಲುವುದನ್ನು ಹಳ್ಳಿಯವರೆಲ್ಲ ನೋಡಿರುತ್ತೀರಿ. ನಗುವ ಹಾಗೆ ಕಾಣುತ್ತದೆ, ಮಕ್ಕಳು ಕೈ ತೋರಿಸಿ ನಗುತ್ತಾರೆ. ಅದಕ್ಕೆ ಫ್ಲೆಮನ್ ಅನ್ನುತ್ತೇವೆ. ಆ ಕ್ಷಣದಲ್ಲಿ ಹೋರಿ ಉಸಿರು ತಡೆದು ಮೂತ್ರದ ಅಂಶವನ್ನು ಬೇರೊಂದು ಅಂಗಕ್ಕೆ ಕಳಿಸುತ್ತಿರುತ್ತದೆ. ದನಕ್ಕೆ ಮೇಲಿನ ಮುಂಬಲ್ಲು ಇಲ್ಲ, ಗಟ್ಟಿ ವಸಡು ಮಾತ್ರ. ಅದರ ಹಿಂದೆ ಬೆರಳು ಇಟ್ಟರೆ ಅಂಗುಳಿನಲ್ಲಿ ಸಣ್ಣ ಗುಬ್ಬಿ ಸಿಗುತ್ತದೆ, ಅದರ ಎರಡು ಬದಿಗೆ ಸೂಕ್ಷ್ಮ ತೂತು. ಆ ತೂತಿನಿಂದ ಹೋದರೆ ಜೇಕಬ್‌ಸನ್ ಅಂಗ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್‌ಸನ್ 1813ರಲ್ಲಿ ವಿವರಿಸಿದ್ದು. ಗಾಳಿಯಲ್ಲಿ ಹಾರದ ಭಾರದ ವಸ್ತುಗಳನ್ನು, ದ್ರವದಲ್ಲಿ ಕರಗಿದ್ದನ್ನು ಓದುವ ಅಂಗ ಅದು. ಸಾದಾ ಮೂಗಿಗೆ ಅದು ಸಿಗುವುದಿಲ್ಲ.

ಬೆದೆಗೆ ಬಂದ ದನ ಆಗಾಗ ಸ್ವಲ್ಪ ಸ್ವಲ್ಪ ಮೂತ್ರ ಮಾಡುವುದೂ ಇದೇ ಲೆಕ್ಕ. ಈಸ್ಟ್ರೊಜೆನ್ ಏರಿದಾಗ ಮೂತ್ರದ, ಲೋಳೆಯ ವಾಸನೆ ಬದಲಾಗುತ್ತದೆ. ಹೋರಿಗೆ ಅಷ್ಟು ಸಾಕು. ಇನ್ನೂ ಹೊತ್ತಾಗಿಲ್ಲ, ಈಗ ಸರಿ, ಹೊತ್ತು ಮೀರಿತು, ಈ ಮೂರನ್ನೂ ಅದು ಹೇಳಬಲ್ಲದು.

ನಮ್ಮ ಕಷ್ಟ ಇಲ್ಲೇ ಇರುವುದು. ಹಿಂದೆ ಗುಡ್ಡೆಗೆ ಬಿಟ್ಟ ಮಲೆನಾಡು ಗಿಡ್ಡ ದನಗಳ ಜೊತೆ ಹೋರಿಯೂ ಇರುತ್ತಿತ್ತು, ಯಾರೂ ದಿನ ಎಣಿಸುತ್ತಿರಲಿಲ್ಲ. ಈಗ ಹಟ್ಟಿಯಲ್ಲಿ ಎರಡು ಜೆರ್ಸಿ, ಊರಿಗೆ ಒಂದೂ ಹೋರಿ ಇಲ್ಲ. ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುವುದಕ್ಕೆ ಬೆದೆ ಗೊತ್ತಾಗಬೇಕು, ಗೊತ್ತು ಹಿಡಿಯುವ ಮೂಗನ್ನೇ ಊರಿನಿಂದ ಕಳಿಸಿ ಆಗಿದೆ. ಹಾಗಾಗಿ ಕಣ್ಣಿನಿಂದ ನೋಡಬೇಕು. ಕೂಗುತ್ತದೆ, ಮೇವು ಕಡಿಮೆ, ಹಾಲು ಇಳಿಯುತ್ತದೆ, ಗಾಜಿನ ಹಾಗೆ ತಿಳಿಯಾದ ಲೋಳೆ ಬಾಲಕ್ಕೆ ಅಂಟಿರುತ್ತದೆ, ಇನ್ನೊಂದು ದನ ಮೇಲೆ ಹತ್ತಿದರೆ ಅಲ್ಲಾಡದೆ ನಿಲ್ಲುತ್ತದೆ. ಸುಮಾರು 21 ದಿನಕ್ಕೊಮ್ಮೆ, 12ರಿಂದ 18 ಗಂಟೆ. ಬೆಳಿಗ್ಗೆ ಕಂಡರೆ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮಾರನೇ ದಿನ ಬೆಳಿಗ್ಗೆ. ಎರಡು ದಿನ ಬಿಟ್ಟು ಫೋನ್ ಮಾಡಿ "ಡಾಕ್ಟ್ರೇ, ಮೊನ್ನೆ ಕೂಗಿತ್ತು" ಅಂದರೆ ನಾನು ಎಂತ ಮಾಡುವುದು?

ಗೋಳಿಕಟ್ಟೆ, ಕಾರ್ಕಳ

ಡಾಕ್ಟ್ರೇ, ಎಮ್ಮೆಯದ್ದು? ನಮ್ಮಲ್ಲಿ ಒಂದಿದೆ, ಕೂಗುವುದೂ ಇಲ್ಲ, ಎಂತದೂ ಇಲ್ಲ. ಎರಡು ಸಲ ಹೊತ್ತು ತಪ್ಪಿತು.

ಹಟ್ಟಿಡಾಕ್ಟ್ರು, ಬ್ರಹ್ಮಾವರ

ಎಮ್ಮೆಯದ್ದು ಮೂಕ ಬೆದೆ. ಅದೂ ಹೆಚ್ಚಾಗಿ ರಾತ್ರಿ ಹೊತ್ತು, ಬಿಸಿಲುಗಾಲದಲ್ಲಿ ಇನ್ನೂ ಕಷ್ಟ. ಹೊರಗೆ ಏನೂ ಕಾಣುವುದಿಲ್ಲ, ಆದರೆ ಮೂತ್ರದಲ್ಲಿ ಇರುತ್ತದೆ. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದವರು ಬೆದೆಗೆ ಬಂದ ಎಮ್ಮೆಯ ಮೂತ್ರದಲ್ಲಿ 4-ಮಿಥೈಲ್‌ಫೀನಾಲ್‌ನಂಥ ವಸ್ತುಗಳನ್ನು ಗುರುತಿಸಿ, ಅದಕ್ಕೆ ಕೋಣ ಹೇಗೆ ಸ್ಪಂದಿಸುತ್ತದೆ ಅಂತ ಪರೀಕ್ಷೆ ಮಾಡಿದ್ದಾರೆ.

ನಿಮ್ಮ ಊರಲ್ಲಿ ಯಾರಾದರೂ ಕೋಣ ಸಾಕುತ್ತಿದ್ದರೆ ಆ ದಾರಿಯಲ್ಲಿ ಎಮ್ಮೆಯನ್ನು ಒಮ್ಮೆ ಹೊಡೆದುಕೊಂಡು ಹೋಗಿ, ಹಗ್ಗ ಗಟ್ಟಿ ಹಿಡಿದುಕೊಂಡು. ಕೋಣದ ತುಟಿ ನೋಡಿ, ಎಮ್ಮೆಯನ್ನಲ್ಲ. ರಾತ್ರಿ ಮಲಗುವ ಮುಂಚೆ, ಬೆಳಗಿನ ಜಾವ ಹಟ್ಟಿಗೆ ಒಂದು ಸುತ್ತು ಹಾಕಿ. ಮಲಗಿದಾಗ ನೆಲದ ಮೇಲೆ ಲೋಳೆ ಬಿದ್ದಿರುತ್ತದೆ, ಬೆಳಗಾಗಿ ಸೆಗಣಿ ಬಾಚಿದ ಮೇಲೆ ಅದು ಸಿಗುವುದಿಲ್ಲ.

ತುಳಸಿಕಟ್ಟೆ, ಉಡುಪಿ

ಗೋಮೂತ್ರ ಕುಡಿದರೆ ಯಾವ ಯಾವ ಕಾಯಿಲೆ

ನಿರ್ವಾಹಕ

ಮೇಲಿನ ಬರಹದ ಉಳಿದ ಭಾಗ ತೆಗೆದಿದ್ದೇವೆ. ಔಷಧಿಯ ಚರ್ಚೆಗೆ ಬೇರೆ ಜಾಗ ಉಂಟು. ಇಲ್ಲಿ ಪ್ರಾಣಿ, ವಾಸನೆ, ಸಂಗಾತಿ, ಇಷ್ಟೇ.

ಮೂಡುಗಾಳಿ, ಬಂಟ್ವಾಳ

ಹೋತದ ಸುದ್ದಿ ಯಾರೂ ಎತ್ತಲಿಲ್ಲವಲ್ಲ! ವಾಸನೆ ಅಂದರೆ ಹೋತ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದಿತ್ತು. ಹೊತ್ತು ಬಂದಾಗ ಅದು ಕುತ್ತಿಗೆ ಬಗ್ಗಿಸಿ ತನ್ನ ಗಡ್ಡಕ್ಕೆ, ಮುಖಕ್ಕೆ, ಮುಂಗಾಲಿಗೆ ತಾನೇ ಮೂತ್ರ ಹಾರಿಸಿಕೊಳ್ಳುತ್ತಿತ್ತು. ಗಡ್ಡ ಅಂಟು ಅಂಟು, ಹಳದಿ. ನಮಗೆ ಅಂಗಳದಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಆಡುಗಳು ಮಾತ್ರ ಬೇಲಿಗೆ ಮೈ ಒತ್ತಿ ನಿಲ್ಲುತ್ತಿದ್ದವು.

ಇದರ ಬಗ್ಗೆ ಟೋಕಿಯೋ ವಿಶ್ವವಿದ್ಯಾಲಯದವರು 2014ರಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ಹೋತದ ತಲೆಗೆ ಟೋಪಿ ಥರ ಒಂದು ಸಾಧನ ಕಟ್ಟಿ, ಕೂದಲಿನಿಂದ ಬರುವ ಗಾಳಿಯನ್ನೇ ಹಿಡಿದು ನೋಡಿದರು. ಅದರಲ್ಲಿ 4-ಈಥೈಲ್‌ಆಕ್ಟನಾಲ್ ಅಂತ ಒಂದು ವಸ್ತು ಸಿಕ್ಕಿತು. ಅದನ್ನು ಮೂಸಿಸಿದರೆ ಹೆಣ್ಣಿನ ಮೆದುಳಿನಲ್ಲಿ ಬೆದೆಯ ಹಾರ್ಮೋನುಗಳನ್ನು ನಡೆಸುವ ನರಕೋಶಗಳು ಎಚ್ಚರವಾಗುತ್ತವೆ. ಅಂದರೆ ಹೋತದ ವಾಸನೆ ಬರೀ ಕರೆಯುವುದಲ್ಲ, ಬೆದೆ ಇಲ್ಲದ ಹೆಣ್ಣನ್ನೂ ಬೆದೆಗೆ ತರುತ್ತದೆ. ಬಹಳ ದಿನ ದೂರ ಇಟ್ಟ ಹೋತವನ್ನು ಒಮ್ಮೆಲೇ ಹಿಂಡಿಗೆ ಬಿಟ್ಟರೆ ಹಲವು ಆಡುಗಳು ಒಟ್ಟಿಗೇ ಬೆದೆಗೆ ಬರುವುದು ಇದಕ್ಕೇ. ಮಜಾ ಅಂದರೆ ಆ ವಸ್ತುವಿನ ಸ್ವಂತ ವಾಸನೆ ಕಿತ್ತಳೆ, ಲಿಂಬೆಯ ಥರದ್ದು. ಗಾಳಿಗೆ ಬಿದ್ದು ಆಮ್ಲವಾದ ಮೇಲೆ ಹೋತದ ವಾಸನೆ.

ಹಟ್ಟಿಡಾಕ್ಟ್ರು, ಬ್ರಹ್ಮಾವರ

ಸರಿಯಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ: ಆ ವಸ್ತು ಬರುವುದು ತಲೆಯ ಚರ್ಮದಿಂದ, ಮೂತ್ರದಿಂದಲ್ಲ. ಬೀಜ ಒಡೆದ ಹೋತದಲ್ಲಿ ಅದು ಸಿಗಲಿಲ್ಲ. ಹಾಲಿನ ಆಡಿನ ಪಕ್ಕದಲ್ಲೇ ಹೋತ ಕಟ್ಟಬೇಡಿ ಅನ್ನುವುದೂ ಇದಕ್ಕೇ, ಹಾಲಿಗೆ ವಾಸನೆ ಹಿಡಿಯುತ್ತದೆ.

ಮೂರನೇಮಹಡಿ, ಮಂಗಳೂರು

ನಮ್ಮ ಅಪಾರ್ಟ್‌ಮೆಂಟಿನ ಗಂಡು ಬೆಕ್ಕಿಗೂ ಇದೇ ಕಥೆಯಾ? ಲಿಫ್ಟ್ ಬಾಗಿಲು, ಶೂ ಸ್ಟ್ಯಾಂಡ್, ನಮ್ಮ ಸ್ಕೂಟರ್ ಸೀಟು, ಎಲ್ಲ ಕಡೆ ಹೊಡೆದು ಹೋಗುತ್ತದೆ. ಫಿನಾಯಿಲ್ ಹಾಕಿ ತೊಳೆದರೆ ಮಾರನೇ ದಿನ ಅಲ್ಲೇ ಮತ್ತೆ. ಕಾವಲಿನವನು ಬೆಕ್ಕು ಬಿಟ್ಟು ನನ್ನನ್ನೇ ಬೈಯುತ್ತಾನೆ, ನಾನು ಮೀನಿನ ತಲೆ ಹಾಕುತ್ತೇನೆ ಅಂತ.

ಬಿದಿರುಮೆಳೆ, ವಾಮಂಜೂರು

ಅಕ್ಕ, ಮೀನಿನ ತಲೆಯ ಪಾತ್ರವೂ ಸ್ವಲ್ಪ ಇದೆ 😀 ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಅಂತ ಗಂಧಕ ಇರುವ ವಸ್ತು ಇದೆ. ಗಂಡಿನಲ್ಲಿ ಜಾಸ್ತಿ. ಮಾಂಸ, ಮೀನಿನ ಪ್ರೋಟೀನಿನಿಂದಲೇ ಅದು ತಯಾರಾಗುವುದು. ಹೊರಗೆ ಬಿದ್ದ ಮೇಲೆ ಒಡೆದು ಆ ಕಟು ವಾಸನೆ. ಅಂದರೆ ವಾಸನೆ ಖಾರವಾಗಿದ್ದಷ್ಟೂ ಈ ಗಂಡು ಚೆನ್ನಾಗಿ ಬೇಟೆಯಾಡಿ ತಿಂದಿದೆ ಅಂತ ಹೆಣ್ಣಿಗೆ ತಿಳಿಯುತ್ತದೆ ಅನ್ನುವುದು ವಿಜ್ಞಾನಿಗಳ ಊಹೆ.

ಉಪಾಯ ಒಂದೇ, ಬೀಜ ತೆಗೆಸುವುದು. ಹತ್ತರಲ್ಲಿ ಒಂಬತ್ತು ಗಂಡು ಬೆಕ್ಕು ಆಮೇಲೆ ಹೊಡೆಯುವುದನ್ನು ನಿಲ್ಲಿಸುತ್ತವೆ ಅಥವಾ ತುಂಬಾ ಕಡಿಮೆ ಮಾಡುತ್ತವೆ. ಫಿನಾಯಿಲ್ ಬೇಡವೇ ಬೇಡ, ಬೆಕ್ಕಿನ ಲಿವರ್‌ಗೆ ಅದು ವಿಷ. ಅಮೋನಿಯಾ ಇರುವ ಕ್ಲೀನರೂ ಬೇಡ, ಅದು ಇನ್ನೊಂದು ಬೆಕ್ಕು ಬಂದು ಹೋದ ಹಾಗೆ ವಾಸನೆ ಕೊಡುತ್ತದೆ, ಅದರ ಮೇಲೆ ಇದು ಮತ್ತೆ ಹೊಡೆಯುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಎಂಜೈಮ್ ದ್ರಾವಣ ಸಿಗುತ್ತದೆ, ಅದು ಆಗಬಹುದು.

ಕಡಬದಹುಡುಗ, ಉಡುಪಿಯಲ್ಲಿ ಕೆಲಸ

ನಮ್ಮ ಊರಲ್ಲಿ ಆನೆ ಕಾಟ. ಅದರ ಬಗ್ಗೆ ಓದಿದ್ದು ಹೇಳುತ್ತೇನೆ, ನನಗಂತೂ ಇದರಷ್ಟು ಖುಷಿ ಕೊಟ್ಟ ವಿಷಯ ಬೇರೆ ಇಲ್ಲ.

ಬೆದೆಗೆ ಬರುವ ಹೆಣ್ಣಾನೆಯ ಮೂತ್ರದಲ್ಲಿ ಒಂದು ವಸ್ತು ಇರುತ್ತದೆ. ಗಂಡಾನೆ ಸೊಂಡಿಲ ತುದಿಯನ್ನು ಮೂತ್ರಕ್ಕೆ ಮುಟ್ಟಿಸಿ, ಬಾಯಿಯ ಒಳಗೆ ಅಂಗುಳಿಗೆ ಇಟ್ಟು ನೋಡುತ್ತದೆ. ಡಾಕ್ಟ್ರು ಹೇಳಿದ ಜೇಕಬ್‌ಸನ್ ಅಂಗದ ದಾರಿ ಅಲ್ಲೇ. ಅಮೆರಿಕದ ಬೆಟ್ಸ್ ರಾಸ್ಮುಸೆನ್ ಅನ್ನುವ ವಿಜ್ಞಾನಿ ಏಷ್ಯಾದ ಆನೆಗಳ ಮೂತ್ರವನ್ನು ವರ್ಷಾನುಗಟ್ಟಲೆ ಸಂಗ್ರಹಿಸಿ, ಸೋಸಿ, 1996ರಲ್ಲಿ ಆ ವಸ್ತು ಯಾವುದು ಅಂತ ಪತ್ತೆ ಮಾಡಿದರು. ನೋಡಿದರೆ ಅದು ನೂರಕ್ಕಿಂತ ಜಾಸ್ತಿ ಜಾತಿಯ ಪತಂಗಗಳು ಸಂಗಾತಿಯನ್ನು ಕರೆಯಲು ಬಳಸುವ ವಸ್ತು! ರಾತ್ರಿ ದೀಪಕ್ಕೆ ಬರುವ ಸಣ್ಣ ಪತಂಗ ಮತ್ತು ಆನೆ, ಇಬ್ಬರದ್ದೂ ಒಂದೇ.

ಡೆಂಜಿಸುಕ್ಕ, ಕುಂದಾಪುರ

ಹಾಗಾದರೆ ಗಂಡಾನೆ ಪತಂಗದ ಹಿಂದೆ ಓಡಬೇಕಲ್ಲ?

ಕಡಬದಹುಡುಗ, ಉಡುಪಿಯಲ್ಲಿ ಕೆಲಸ

ಪತಂಗ ಬಿಡುವ ಪ್ರಮಾಣ ಆನೆಗೆ ಗೊತ್ತೇ ಆಗದಷ್ಟು ಸಣ್ಣದು. ಇನ್ನು ಆನೆಯ ಮೂತ್ರಕ್ಕೆ ಗಂಡು ಪತಂಗ ಬರುವುದೂ ಕಷ್ಟ, ಪತಂಗಗಳು ಇದರ ಜೊತೆ ಬೇರೆ ಒಂದೆರಡು ವಸ್ತುವನ್ನು ಲೆಕ್ಕ ಹಿಡಿದು ಬೆರೆಸಿರುತ್ತವೆ, ಆ ಬೆರಕೆ ಸರಿ ಇಲ್ಲದಿದ್ದರೆ ತಿರುಗಿಯೂ ನೋಡುವುದಿಲ್ಲ.

ಮದ ಬಂದ ಗಂಡಾನೆಯದ್ದು ಬೇರೆ. ಕಣ್ಣು ಮತ್ತು ಕಿವಿಯ ನಡುವೆ ಮದಜಲ ಸುರಿಯುತ್ತದೆ, ಮೂತ್ರ ಹನಿ ಹನಿ ಹಿಂಗಾಲಿನ ಮೇಲೆ ಸೋರುತ್ತಲೇ ಇರುತ್ತದೆ. ನಡೆದ ದಾರಿಯೆಲ್ಲ ವಾಸನೆ. ಹೆಣ್ಣುಗಳಿಗೆ ಕರೆ, ಎಳೆಯ ಗಂಡುಗಳಿಗೆ ಎಚ್ಚರಿಕೆ. ನಮ್ಮ ಕಡೆ ತೋಟದಲ್ಲಿ ಲದ್ದಿ ಕಂಡರೆ ಅಷ್ಟು ಹೆದರುವುದಿಲ್ಲ. ಆ ಘಾಟು ಬಂದರೆ ಅವತ್ತು ಬೆಳಗಿನ ಜಾವ ಯಾರೂ ಅಡಿಕೆ ಹೆಕ್ಕಲು ಹೋಗುವುದಿಲ್ಲ.

ಕಾಳಿಂಗಪ್ರಿಯ, ಹೆಬ್ರಿ

ಮೊದಲ ಬರಹದ ಅಜ್ಜಿಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾಗರ ಪಂಚಮಿಗೆ ನಮ್ಮಲ್ಲಿ ಕೇದಗೆ ಬೇಕೇ ಬೇಕು, ಹಾಗಾಗಿ ಕೇದಗೆಗೂ ಹಾವಿಗೂ ನಂಟು ಅಂತ ನಂಬಿಕೆ. ಪೂಜೆ ಇರಲಿ, ಅದರ ತಕರಾರು ನನಗಿಲ್ಲ. ಆದರೆ ಹಾವು ಕೇದಗೆ ಮೆಳೆಗೆ ಬರುವುದು ಹೂವಿಗಲ್ಲ. ತೋಡಿನ ಬದಿ, ದಟ್ಟ ಮುಳ್ಳು, ಒಳಗೆ ಕಪ್ಪೆ, ಇಲಿ. ಅದಕ್ಕೆ ಬೇರೆ ಎಂತ ಬೇಕು?

ಹಾವಿಗೆ ಸಂಗಾತಿಯ ವಾಸನೆ ಸಿಗುವುದು ನೆಲದಲ್ಲಿ. ಮೂತ್ರ ನೀರಾಗಿ ಬಿಡುವ ಪ್ರಾಣಿ ಅಲ್ಲ ಅದು, ಸುಣ್ಣದಂಥ ಬಿಳಿ ಗಟ್ಟಿ ಬಿಡುತ್ತದೆ. ಸಂಗಾತಿಗೆ ಸುದ್ದಿ ಮುಟ್ಟಿಸುವುದು ಚರ್ಮದ ಕೊಬ್ಬಿನಂಥ ಅಂಶ. ಹೆಣ್ಣು ಹರಿದ ಜಾಡಿನಲ್ಲಿ ಅದು ಉಳಿಯುತ್ತದೆ. ಗಂಡು ಸೀಳು ನಾಲಿಗೆಯ ಎರಡು ತುದಿಯಲ್ಲೂ ಅದನ್ನು ಎತ್ತಿಕೊಂಡು ಅಂಗುಳಿಗೆ ಮುಟ್ಟಿಸುತ್ತದೆ. ಎಡದ ತುದಿಯಲ್ಲಿ ಜಾಸ್ತಿ ಬಂದರೆ ಎಡಕ್ಕೆ, ಬಲದಲ್ಲಿ ಬಂದರೆ ಬಲಕ್ಕೆ.

ಬೇಸಿಗೆಯಲ್ಲಿ ನಮ್ಮ ಕಡೆ ಕಾಳಿಂಗ ಸರ್ಪ ಮನೆಯ ಹತ್ತಿರ ಬಂತು ಅಂತ ಫೋನು ಜಾಸ್ತಿ ಬರುವುದು ಇದಕ್ಕೆ. ಒಂದು ಹೆಣ್ಣು ಹಟ್ಟಿಯ ಹಿಂದೆ ಹಾದು ಹೋಗಿರುತ್ತದೆ, ಅದರ ಜಾಡು ಹಿಡಿದು ಗಂಡುಗಳು ಒಂದರ ಹಿಂದೆ ಒಂದು ಬರುತ್ತವೆ. ಎರಡು ಗಂಡು ಎದುರಾದರೆ ತಲೆ ಎತ್ತಿ ಕುಸ್ತಿ. ಜನ ಅದನ್ನು ಮಿಲನ ಅಂದುಕೊಂಡು ಕೈ ಮುಗಿಯುತ್ತಾರೆ. ಕೇರೆ ಹಾವುಗಳದ್ದೂ ಹಾಗೇ, ಹೆಣೆದುಕೊಂಡು ಎದ್ದು ನಿಂತದ್ದು ಎರಡು ಗಂಡು. ನಾಗರ ಗಂಡು, ಕೇರೆ ಹೆಣ್ಣು ಅನ್ನುವುದೂ ಸುಳ್ಳು, ಎರಡೂ ಬೇರೆ ಬೇರೆ ಜಾತಿ, ಒಂದರ ವಾಸನೆ ಇನ್ನೊಂದಕ್ಕೆ ಸಂಗಾತಿಯ ವಾಸನೆ ಆಗುವುದಿಲ್ಲ. ಅಂದ ಹಾಗೆ ನಮ್ಮ ಪಶ್ಚಿಮ ಘಟ್ಟದ ಕಾಳಿಂಗ 2024ರಿಂದ ಬೇರೆಯೇ ಪ್ರಭೇದ, ವೈಜ್ಞಾನಿಕ ಹೆಸರಿನಲ್ಲೂ 'ಕಾಳಿಂಗ' ಅಂತಲೇ ಇದೆ.

ಹಂಚಿನಮಾಡು, ಮಂಗಳೂರು

ಅಜ್ಜಿಗೆ ಓದಿ ಹೇಳಿದೆ. "ಅವನು ಹೆಬ್ರಿಯಲ್ಲಿ ಕೂತು ನಮ್ಮ ಅಟ್ಟ ನೋಡಿದ್ದಾನಾ" ಅಂದರು.

ಈಗ ಕೇಳಬೇಕಾದ್ದು: ಕಬ್ಬೆಕ್ಕನ್ನು ಓಡಿಸುವುದು ಹೇಗೆ? ಒಬ್ಬರು ಬೋನು ಇಡುತ್ತೇನೆ, ಪುನುಗು ಸಿಗುತ್ತದೆ, ಒಳ್ಳೆ ದುಡ್ಡು ಅಂತ ಬಂದಿದ್ದರು.

ಬಿದಿರುಮೆಳೆ, ವಾಮಂಜೂರು

ಅವರನ್ನು ಗೇಟಿನಿಂದಲೇ ಕಳಿಸಿ. ಪುನುಗು ಬರುವುದು ಪುನುಗಿನ ಬೆಕ್ಕಿನಿಂದ, ಅದು ಬೇರೆ ಪ್ರಾಣಿ. ಮೈಮೇಲೆ ಚುಕ್ಕೆ ಸಾಲು, ಬಾಲಕ್ಕೆ ಬಳೆ ಬಳೆ ಪಟ್ಟೆ. ಕಬ್ಬೆಕ್ಕಿನ ಬಾಲದಲ್ಲಿ ಪಟ್ಟೆ ಇಲ್ಲ. ತಿರುಮಲದಲ್ಲಿ ಶುಕ್ರವಾರದ ಅಭಿಷೇಕ ಆದ ಮೇಲೆ ದೇವರಿಗೆ ಹಚ್ಚುವ ಪುನುಗು ತೈಲ ಆ ಬೆಕ್ಕಿನದ್ದು. ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಬೋನು ಇಟ್ಟರೆ ಕೇಸು ಮನೆ ಯಜಮಾನರ ಮೇಲೂ ಬೀಳಬಹುದು.

ಮೊದಲು ಮರಿ ಇದೆಯಾ ನೋಡಿ. ಮರಿ ಇದ್ದರೆ ದೊಡ್ಡದಾಗಿ ಹೋಗುವವರೆಗೆ ತಡೆದುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಮಾಡಿಗೆ ತಾಗುವ ಕೊಂಬೆ ಕಡಿಸಿ, ಕತ್ತಲಾದ ಮೇಲೆ ಅದು ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಹಂಚಿನ ಸಂದಿಗೆ ತಂತಿ ಬಲೆ ಹೊಡೆಸಿ. ಜಿಡ್ಡನ್ನು ಸೋಪು, ಬಿಸಿ ನೀರಿನಲ್ಲಿ ಉಜ್ಜಿ ತೊಳೆಯಿರಿ. ವಾಸನೆ ಉಳಿದರೆ ಇದು ಹೋದರೂ ಇನ್ನೊಂದು ಮೂಸಿಕೊಂಡು ಬರುತ್ತದೆ.

ಡೆಂಜಿಸುಕ್ಕ, ಕುಂದಾಪುರ

ತಮಾಷೆ ಸಾಕು, ಈಗ ನನ್ನ ವಿಷಯ. ಡೆಂಜಿ, ಅಂದರೆ ಏಡಿ, ಮೂತ್ರ ಮಾಡುವುದು ಎಲ್ಲಿಂದ ಗೊತ್ತಾ? ಮುಖದಿಂದ. ಮೀಸೆಯ ಬುಡದ ಹತ್ತಿರ ತೂತು. ನಮ್ಮ ಹೊಳೆಯ ಡೆಂಜಿಗಳಲ್ಲಿ ಹೆಣ್ಣು ಚಿಪ್ಪು ಕಳಚುವ ದಿನ ಹತ್ತಿರ ಬಂದಾಗ ಮೂತ್ರದಲ್ಲಿ ವಾಸನೆ ಬಿಡುತ್ತದೆ. ಗಂಡು ಬಂದು ಅದನ್ನು ತನ್ನ ಅಡಿಗೆ ಹಿಡಿದುಕೊಂಡು ದಿನಗಟ್ಟಲೆ ಹೊತ್ತು ತಿರುಗುತ್ತದೆ. ಚಿಪ್ಪು ಕಳಚಿ ಮೈ ಮೆತ್ತಗಾದಾಗ ಮಾತ್ರ ಕೂಡಲು ಸಾಧ್ಯ, ಆಗ ಹೆಣ್ಣನ್ನು ಯಾವ ಮೀನು ಬೇಕಾದರೂ ತಿನ್ನಬಹುದು, ಹಾಗಾಗಿ ಕಾವಲು. ಗಂಗೊಳ್ಳಿ ಹೊಳೆಯಲ್ಲಿ ಬಲೆಗೆ ಜೋಡಿ ಸಿಕ್ಕಿದ್ದು ನೋಡಿದ್ದೇನೆ, ಬಲೆ ಎಳೆದರೂ ಗಂಡು ಬಿಡುವುದಿಲ್ಲ.

ಅಮೆರಿಕದ ಲಾಬ್‌ಸ್ಟರ್ ಇನ್ನೂ ಜೋರು. ಗಂಡಿನ ಗುಹೆಯ ಬಾಗಿಲಿಗೆ ಹೋಗಿ ಹೆಣ್ಣು ಮುಖದಿಂದ ಒಳಗೆ ಮೂತ್ರ ಚಿಮ್ಮಿಸುತ್ತದೆ. ಕಚ್ಚಲು ಬಂದ ಗಂಡು ಆಮೇಲೆ ತಣ್ಣಗಾಗುತ್ತದೆ.

ಸುಮ್ನೆಕೇಳ್ದೆ, ಮಣಿಪಾಲ

ಮನುಷ್ಯರದ್ದು ಯಾರೂ ಹೇಳುತ್ತಿಲ್ಲ. ಹಾಸ್ಟೆಲಿನಲ್ಲಿ ಒಬ್ಬ 'ಫೆರೋಮೋನ್ ಸೆಂಟ್' (ಫೆರೋಮೋನ್ ಅಂದರೆ ತನ್ನ ಜಾತಿಯವರಿಗೆ ಸುದ್ದಿ ಮುಟ್ಟಿಸುವ ವಾಸನೆಯ ವಸ್ತು) ತರಿಸಿದ್ದಾನೆ, ಬಾಟಲಿಗೆ ಒಂದೂವರೆ ಸಾವಿರ. ಕೆಲಸ ಮಾಡುತ್ತದಾ?

ಹಟ್ಟಿಡಾಕ್ಟ್ರು, ಬ್ರಹ್ಮಾವರ

ಬಾಟಲಿಯ ಮೇಲೆ ಆಂಡ್ರೊಸ್ಟಿನೋನ್ ಅಂತ ಇದೆಯಾ ನೋಡಿ. ಅದು ಗಂಡು ಹಂದಿಯ ಜೊಲ್ಲಿನಲ್ಲಿ ಇರುವ ವಸ್ತು. ಹಂದಿ ಸಾಕುವವರಿಗೆ ಅದರ ಸ್ಪ್ರೇ ಸಿಗುತ್ತದೆ, ಬೆದೆಯಲ್ಲಿರುವ ಹೆಣ್ಣು ಹಂದಿಯ ಮೂಗಿಗೆ ಹೊಡೆದರೆ ಬೆನ್ನು ಗಟ್ಟಿ ಮಾಡಿ ನಿಲ್ಲುತ್ತದೆ, ಇಂಜೆಕ್ಷನ್‌ಗೆ ಸುಲಭ. ನಿಮ್ಮ ಗೆಳೆಯನಿಗೆ ಹಂದಿ ಫಾರ್ಮಿನಲ್ಲಿ ಒಳ್ಳೆ ಸ್ವಾಗತ ಸಿಗಬಹುದು.

ಮನುಷ್ಯರಲ್ಲಿ ಇಂಥದ್ದು ಅಂತ ಒಪ್ಪಿತವಾದ ಒಂದು ಫೆರೋಮೋನೂ ಇವತ್ತಿನವರೆಗೆ ಇಲ್ಲ. ಜೇಕಬ್‌ಸನ್ ಅಂಗದ ಗುರುತು ನಮ್ಮ ಮೂಗಿನಲ್ಲಿ ಇದ್ದರೂ ಅದರಿಂದ ಮೆದುಳಿಗೆ ನರ ಹೋಗುವುದಿಲ್ಲ.

ಇಲಿಬೋನು, ಸುರತ್ಕಲ್

ಇಲಿ ಬಗ್ಗೆ ಒಂದೇ ಮಾತು. ಗಂಡು ಇಲಿಯ ಮೂತ್ರದಲ್ಲಿ ಹೆಣ್ಣನ್ನು ಸೆಳೆಯುವ ಒಂದು ಪ್ರೋಟೀನು ಇದೆ, ಅದನ್ನು ಲಿವರ್‌ಪೂಲ್‌ನ ಜೇನ್ ಹರ್ಸ್ಟ್ ತಂಡ 2010ರಲ್ಲಿ ಗುರುತಿಸಿ 'ಡಾರ್ಸಿನ್' ಅಂತ ಹೆಸರಿಟ್ಟಿತು. ಹಳೆಯ ಇಂಗ್ಲಿಷ್ ಕಾದಂಬರಿಯ ನಾಯಕ ಡಾರ್ಸಿ ಇದ್ದಾನಲ್ಲ, ಅವನ ಹೆಸರು. ಹೆಣ್ಣು ಒಂದು ಸಲ ಮುಟ್ಟಿ ಮೂಸಿದರೆ ಆ ಜಾಗವನ್ನೂ, ಆ ಗಂಡಿನ ವಾಸನೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಇನ್ನು ಹಿಲ್ಡಾ ಬ್ರೂಸ್ 1959ರಲ್ಲಿ ತೋರಿಸಿದ್ದು ಕೇಳಿದರೆ ಬೇಜಾರಾಗುತ್ತದೆ: ಆಗಷ್ಟೇ ಗಬ್ಬ ಕಟ್ಟಿದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ತಗುಲಿದರೆ ಗರ್ಭ ನಿಲ್ಲುವುದಿಲ್ಲ.

ಗೋಳಿಕಟ್ಟೆ, ಕಾರ್ಕಳ

ಕಂಪ್ಯೂಟರ್ ಮೂಗು ಮಾಡಿ ಎಮ್ಮೆ ಹಟ್ಟಿಗೆ ಹಾಕಿದರೆ ಆಗದಾ? ಅದಿರಲಿ. ತೆಂಗಿಗೆ ಕೆಂಪು ಮೂತಿ ಹುಳ ಬಿದ್ದಿದೆ. ಫೆರೋಮೋನ್ ಟ್ರ್ಯಾಪ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿದ ಮೇಲೆ ಹುಳ ಇನ್ನೂ ಜಾಸ್ತಿ ಬಂದ ಹಾಗೆ ಕಾಣುತ್ತದೆ. ಇದೂ ಹೆಣ್ಣಿನ ವಾಸನೆಯಾ?

ಸಿರಿತೆಂಗು, ಉಳ್ಳಾಲ

ಗಂಡಿನದ್ದು. ಗಂಡು ಹುಳ ಒಳ್ಳೆಯ ಮರ ಸಿಕ್ಕಿತು ಅಂತ ವಾಸನೆ ಬಿಡುತ್ತದೆ, ಅದಕ್ಕೆ ಗಂಡೂ ಹೆಣ್ಣೂ ಎರಡೂ ಬರುತ್ತವೆ. ಟ್ರ್ಯಾಪಿನ ಲೂರ್‌ನಲ್ಲಿ (ವಾಸನೆಯ ಆಮಿಷ) ಇರುವುದು ಅದನ್ನೇ ಕಾರ್ಖಾನೆಯಲ್ಲಿ ಮಾಡಿದ್ದು, ಫೆರುಜಿನಿಯಾಲ್ ಅಂತ. ಹಾಗಾಗಿ ನಿಮ್ಮ ಬಕೆಟ್ಟು ಅಕ್ಕಪಕ್ಕದ ತೋಟದ ಹುಳಗಳನ್ನೂ ಕರೆಯುತ್ತಿದೆ, ಬಂದವುಗಳಲ್ಲಿ ಕೆಲವು ಬಕೆಟ್ಟಿಗೆ ಬೀಳದೆ ಹತ್ತಿರದ ಮರಕ್ಕೆ ಕೂರುತ್ತವೆ.

ಬಕೆಟ್ ಎಲ್ಲಿ ಕಟ್ಟಿದ್ದೀರಿ? ಎಳೆ ತೆಂಗಿನ ಹತ್ತಿರ ಕಟ್ಟಿದ್ದರೆ ಇವತ್ತೇ ತೆಗೆಯಿರಿ, ತೋಟದ ಅಂಚಿಗೆ ಒಯ್ಯಿರಿ. ಹೆಕ್ಟೇರಿಗೆ ಒಂದು ಸಾಕು. ಹೊರಮೈ ಒರಟಾಗಿರಲಿ, ಗೋಣಿ ಸುತ್ತಿ, ಇಲ್ಲದಿದ್ದರೆ ಹುಳ ಹತ್ತಲಾಗದೆ ಜಾರುತ್ತದೆ. ಒಳಗೆ ನೀರು, ಕೊಳೆತ ಬಾಳೆಹಣ್ಣು ಅಥವಾ ಅನಾನಸು, ಕೀಟನಾಶಕ ಸ್ವಲ್ಪ. ಬರೀ ಲೂರ್ ಕಟ್ಟಿ ಹಣ್ಣು ಹಾಕದಿದ್ದರೆ ಹುಳ ಕಡಿಮೆ ಬೀಳುತ್ತದೆ. ನೀರು ವಾರಕ್ಕೊಮ್ಮೆ ಬದಲಿಸಿ. ಮರಕ್ಕೆ ಗಾಯ ಮಾಡಬೇಡಿ, ಹಸಿ ಗರಿ ಕಡಿದ ವಾಸನೆಗೂ ಅದು ಬರುತ್ತದೆ.

ಪಕ್ಕದ ತೋಟದವರನ್ನೂ ಸೇರಿಸಿಕೊಳ್ಳಿ. ಊರಿನಲ್ಲಿ ನೀವೊಬ್ಬರೇ ಕಟ್ಟಿದರೆ ಹುಳವೆಲ್ಲ ನಿಮ್ಮದೇ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಇದಕ್ಕೆ ಸಲಹೆ ಕೊಡುತ್ತಾರೆ, ಕೇಳಿ ನೋಡಿ.

ಗೋಳಿಕಟ್ಟೆ, ಕಾರ್ಕಳ

ಎಳೆ ತೆಂಗಿನ ಬುಡದಲ್ಲೇ ಕಟ್ಟಿದ್ದು ಮಾರಾಯ್ರೇ, ಅಂಗಡಿಯವ ಹಾಗೇ ಹೇಳಿದ್ದ. ಈಗಲೇ ಹೋಗಿ ಬಿಚ್ಚುತ್ತೇನೆ. ಪಕ್ಕದ ತೋಟದ ಭಾವನ ಹತ್ತಿರ ಮಾತು ಬಿಟ್ಟು ಎರಡು ವರ್ಷ ಆಯಿತು, ಬೇರೆ ಯಾರಾದರೂ ಅವರಿಗೆ ಹೇಳಿದರೆ ಒಳ್ಳೆಯದಿತ್ತು.